ಕ್ರಿಯಾಪದದ ಬಾಲ

ವ್ರೊತ್ಸ್ವಾಫ್ ವಿಶ್ವವಿದ್ಯಾಲಯ, ಜರ್ಮನ್ ವಿಭಾಗ,
ಎರಡನೇ ಮಹಡಿ, ಹೀಟರು ಕೆಟ್ಟ ಕೋಣೆ.
ಕೋಟು ಬಿಚ್ಚದೆಯೇ ಕೂತಿದ್ದೇವೆ ಹನ್ನೊಂದು ಮಂದಿ.
ಡಾಕ್ಟರ್ ವೆಝ್ಬೋವ್ಸ್ಕಾ ಚಾಕ್‌ಪೀಸು ಮುರಿದು ಹೇಳುತ್ತಾರೆ:
ಇವರ ಕ್ರಿಯಾಪದಕ್ಕೆ ಬಾಲವುಂಟು.
ತಲೆ ಇಲ್ಲೇ ಇರುತ್ತದೆ, ಬಾಲ ವಾಕ್ಯದ ತುತ್ತತುದಿಯಲ್ಲಿ.
ಅದು ಕಾಣುವವರೆಗೆ
ಬಂದನೋ ಹೋದನೋ, ಹಚ್ಚಿದನೋ ಆರಿಸಿದನೋ
ದೇವರಿಗೂ ತಿಳಿಯದು.
ಕಾಯಿರಿ.

ಕಾಯುವುದು ನನ್ನಿಂದಾಗದು. ಲಿಂಗವಂತೂ ಇನ್ನೂ ಕಷ್ಟ.
ನಮ್ಮ ಪೋಲಿಷ್‌ನಲ್ಲಿ ಚಮಚ ಹೆಣ್ಣು, ಫೋರ್ಕು ಗಂಡು;
ಗಡಿಯ ಹೊಳೆ ದಾಟಿದ್ದೇ ತಡ
ಚಮಚಕ್ಕೆ ಮೀಸೆ, ಫೋರ್ಕಿಗೆ ಲಂಗ.
ನಮ್ಮ ಗಂಡು ಚಾಕು ಅಲ್ಲಿ
ಅತ್ತಲೂ ಅಲ್ಲ, ಇತ್ತಲೂ ಅಲ್ಲ,
ತಟ್ಟೆಯ ಪಕ್ಕ ಸುಮ್ಮನೆ ಮಲಗಿರುತ್ತದೆ.

ಮೊದಲ ಕಿರುಪರೀಕ್ಷೆಯಲ್ಲಿ 'ಸಾಲ್ಟ್ಸ್' ಎಂದಿದ್ದರೆ
ಸಕ್ಕರೆ ಎಂದು ಬರೆದು ಬಂದೆ.
ಕೆಂಪು ಗೀರು. ಅರ್ಧ ಅಂಕ ಹೋಯಿತು.
ಉಪ್ಪಂತೆ.
ಹೇಗೆ ಹೇಳಲಿ, ಮೇಡಂ,
ನಮ್ಮ ಅಡುಗೆಮನೆಯ ಆರು ಪಿಂಗಾಣಿ ಭರಣಿಗಳಲ್ಲಿ
ಆ ನೀಲಿ ಅಕ್ಷರದ್ದು ಸಕ್ಕರೆಯದು, ನಾನು ಹುಟ್ಟುವ ಮೊದಲಿನಿಂದ.
ನಲವತ್ತಾರರಲ್ಲಿ ದನ ಸಾಗಿಸುವ ರೈಲಿನಿಂದಿಳಿದು
ಬಂದವಳು ಮುತ್ತಜ್ಜಿ. ಮನೆಯವರನ್ನು ಅದೇ ವಾರ
ಬೇರೊಂದು ರೈಲಿಗೆ ಹತ್ತಿಸಿದ್ದರು.
ಅಕ್ಷರ ಅವಳಿಗೆ ತಿಳಿಯಲಿಲ್ಲ, ಮುಚ್ಚಳ ತಿಳಿಯಿತು:
ಬಿಗಿಯಾಗಿದ್ದದ್ದು ಅದೊಂದೇ.
ಇರುವೆ ಯಾವ ಭಾಷೆಯದಾದರೇನು.

ಈ ಸೆಮಿಸ್ಟರಿನಲ್ಲಿ ನನ್ನ ಐಚ್ಛಿಕ ವಿಷಯ ಹಳೆಯ ಕೈಬರಹ.
ಮುಳ್ಳುಬೇಲಿಯಂಥ ಅಕ್ಷರ, ಎಲ್ಲವೂ ಒಂದೇ ಎಲ್ಲವೂ ಬೇರೆ.
ಉಗ್ರಾಣದ ಬಾಗಿಲ ಹಿಂದೆ ಮೂರು ಪದರ ಬಣ್ಣ ಎದ್ದು
ಪೆನ್ಸಿಲಿನ ಒಂದು ಸಾಲು ಇಣುಕಿದೆ.
"ಬೋಗ್ನಾ, ಓದಿದವಳೇ, ಬಾ, ಓದು ನೋಡೋಣ," ಎಂದಳು
ಲೆಯೋಕಾದ್ಯಾ ಅಜ್ಜಿ. ಇಷ್ಟು ವರ್ಷ ಯಾರನ್ನೂ ಕೇಳದವಳು.

ಟಾರ್ಚು ಹಿಡಿದು ಮಂಡಿಯೂರಿದೆ.
ಹೆದರಿಕೆಯಿತ್ತು: ಶಾಪ ಇದ್ದರೆ?
ಮಗುವೊಂದರ ಹೆಸರಿದ್ದರೆ?
ಇದ್ದದ್ದು ಇಷ್ಟು,
ಯಾವಳೋ ಹೊಸ ಕೆಲಸದವಳಿಗೆ ಬರೆದಿಟ್ಟದ್ದು:
ಮಳೆ ಬಂದಾಗ ಬಾಗಿಲನ್ನು ಸ್ವಲ್ಪ...
ಮುಂದಿನದನ್ನು ಬಣ್ಣ ನುಂಗಿದೆ.
ಕ್ರಿಯಾಪದದ ತಲೆಯುಂಟು, ಬಾಲವಿಲ್ಲ.

ನಿಘಂಟು ತೆರೆದು ಕೂತೆ. ಅಜ್ಜೀ, ಇದಕ್ಕೆ
ಈ ಬಾಲ ಹಚ್ಚಿದರೆ 'ಎತ್ತು' ಎಂದಾಗುತ್ತದೆ,
ಇನ್ನೊಂದು ಹಚ್ಚಿದರೆ 'ಜೋಪಾನವಾಗಿಡು',
ಅದೇ ಬಾಲಕ್ಕೆ 'ರದ್ದುಮಾಡು' ಎಂದೂ ಅರ್ಥವಿದೆ,
ಹಾಗಾಗಿ ಖಚಿತವಾಗಿ ಹೇಳಲು...

ಹೊರಗೆ ಹಿಮ ಕರಗಿಸುವ ಮಳೆ.
ಅಜ್ಜಿ ಹಿಡಿಕೆಗೆ ಕೈಹಾಕಿ, ಸೊಂಟ ತಾಗಿಸಿ
ಎರಡು ಬೆರಳಿನಷ್ಟು ಮೇಲಕ್ಕೆತ್ತಿ ಎಳೆದಳು.
ಬಾಗಿಲು ತೆರೆಯಿತು.

"ಸಣ್ಣವಳಿದ್ದಾಗಿನಿಂದ ಹೀಗೇ ತೆಗೀತೀನಿ, ಅಮ್ಮ ಹೇಳಿಕೊಟ್ಟಿದ್ದು."
ಅವಳಿಗೆ ಯಾರು ಹೇಳಿಕೊಟ್ಟರು?
"ಯಾರು? ಬಾಗಿಲೇ."

ನನ್ನ ಚಹಾಕ್ಕೆ ಸಾಲ್ಟ್ಸ್ ಭರಣಿಯಿಂದ ಎರಡು ಸಲ ಸುರಿದು
ಕಲಕಿ ಕೊಟ್ಟಳು.
ಚಮಚದ ಲಿಂಗ
ವಿಚಾರಿಸಲು ಹೋಗಲಿಲ್ಲ ನಾನು.