ಮೊಣಕಾಲಿಗೆ ಮೊಣಕಾಲು

ಕುಸ್ಕೋಕ್ವಿಮ್ ನದಿ ಗಡ್ಡೆಗಟ್ಟಿ ಐದು ತಿಂಗಳು.
ಮೇಲೆ ಹಿಮಬಂಡಿಯ ದಾರಿ, ಕೆಳಗೆ ಮೀನಿನ ದಾರಿ.
ನನ್ನ ಪೆಟ್ಟಿಗೆಯಲ್ಲಿ ಕನ್ನಡಿ, ಹಣೆಗೆ ಕಟ್ಟುವ ದೀಪ,
ನಲವತ್ತು ಪುಟ್ಟ ಬ್ರಶ್ಶು.
ವಾರ್ನಿಶ್ ಮಾತ್ರ ಪೆಟ್ಟಿಗೆಯಲ್ಲಿಲ್ಲ;
ಹೆಪ್ಪುಗಟ್ಟದಿರಲೆಂದು ಕೋಟಿನೊಳಗೆ, ಎದೆಗವಚಿ ತಂದಿದ್ದೇನೆ
ಕಾವಿಗಿಟ್ಟ ಮೊಟ್ಟೆಯ ಹಾಗೆ.

ಶಾಲೆಯ ಆಟದ ಕೋಣೆಯ ಮೂಲೆಗೆ
ಎದುರುಬದುರು ಎರಡು ಕುರ್ಚಿ.
ಆಸ್ಪತ್ರೆ ಅಂದರೆ ಇಷ್ಟೇ.

ಫೆವ್ರೋನಿಯಾ ಬಂದಳು, ಕೊನೆಯವಳಾಗಿ,
ಬೆನ್ನ ಮೇಲೆ ಒಂದೂವರೆ ವರ್ಷದ ಮಗ.
ಅವನಿಗೆ ತೀರಿಹೋದ ಅವಳ ಅಜ್ಜಿಯ ಹೆಸರು.
ಹೆಸರು ಬಂದರೆ ಅವರೇ ಬಂದ ಹಾಗೆ ನಮ್ಮಲ್ಲಿ,
ಊರಿಗೆ ಊರೇ ಈ ಪೋರನನ್ನು
ಅಜ್ಜೀ ಅಂತಲೇ ಕರೆಯುತ್ತದೆ.

ಆ ಅಜ್ಜಿಯ ಹಲ್ಲು ನನಗೆ ನೆನಪಿದೆ.
ಸೀಲ್ ಚರ್ಮವನ್ನು ಕಚ್ಚಿ ಕಚ್ಚಿ ಮೆದು ಮಾಡಿ
ಬೂಟಿನ ಅಂಚಿಗೆ ನೆರಿಗೆ ಹಿಡಿಯುತ್ತಿದ್ದಳು.
ಸವೆದು ಸವೆದು ಒಸಡಿನ ಮಟ್ಟಕ್ಕಿಳಿದಿದ್ದವು,
ಒಂದೂ ಹುಳುಕಿರಲಿಲ್ಲ.

ನಾವಿಬ್ಬರೋ, ನಾಲ್ಕು ತುಂಬುವ ಮೊದಲೇ
ಒಂದೇ ವಿಮಾನದಲ್ಲಿ ಪಟ್ಟಣಕ್ಕೆ ಹೋಗಿ,
ಮೂಗಿಗೆ ಮುಸುಕು, ಮೂರೆಣಿಸುವಷ್ಟರಲ್ಲಿ ನಿದ್ದೆ,
ಎದ್ದಾಗ ಬಾಯ್ತುಂಬ ಬೆಳ್ಳಿಯ ಟೋಪಿ.
ಹೆಮ್ಮೆಯಿಂದ ತೋರಿಸಿಕೊಂಡು ತಿರುಗಿದೆವು. ಮಕ್ಕಳಲ್ಲವೆ.
ಆಮೇಲೆ ಬಂದ ಹಲ್ಲೂ ಅವಳಿಗೆ ಉಳಿಯಲಿಲ್ಲ.
ಹತ್ತೊಂಬತ್ತರಿಂದ ಅವಳು ನಗುವುದು
ಅಂಗೈ ಅಡ್ಡ ಹಿಡಿದೇ.

"ರಾತ್ರಿ ಬಾಟಲಿಗೆ ಏನು ಹಾಕ್ತೀಯ?"
"ಕಿತ್ತಳೆ ಸೋಡಾ. ಅಂಗಡಿಯಲ್ಲಿ ಹಾಲಿನ ಬೆಲೆ ನೋಡಿದ್ದೀಯಾ, ಮಾತ್ರೋನಾ?"
ನೋಡಿದ್ದೇನೆ.
ಹಂಚಲು ಕೊಟ್ಟ ಬಣ್ಣದ ಹಾಳೆಯಲ್ಲಿ
ನಗುವ ಹಸು, ನಗುವ ಸೇಬು.
ಮಡಚಿ ಜೇಬಿಗಿಟ್ಟೆ.

ಕೂತೆವು, ಮೊಣಕಾಲಿಗೆ ಮೊಣಕಾಲು ತಾಗಿಸಿ.
ಎರಡು ಮಡಿಲು ಸೇರಿ ಒಂದು ಹಾಸಿಗೆ.
ಅವನ ತಲೆ ನನ್ನ ತೊಡೆಯ ಮೇಲೆ,
ಕಾಲು ಅವಳ ಸೊಂಟದ ಆಚೀಚೆ.
"ಎರಡೂ ಕೈ ಹಿಡಿದುಕೋ, ಬಿಡಬೇಡ."
"ಅಜ್ಜೀ, ಆ ಅನ್ನು."
ಅಜ್ಜಿ ಕಿರುಚಿದ. ಒಳ್ಳೆಯದೇ ಆಯಿತು,
ಕಿರುಚುವ ಬಾಯಿ ತೆರೆದ ಬಾಯಿ.

ತುಟಿ ಎತ್ತಿದೆ. ಮೇಲೆ ನಾಲ್ಕು ಹಾಲುಹಲ್ಲು.
ಒಸಡಿನ ಅಂಚಿಗೆ ಸೀಮೆಸುಣ್ಣದಂಥ ಬಿಳಿ ಗೆರೆ.
ಗಡ್ಡೆಯ ಬಣ್ಣ ನೋಡಿ ಹೆಜ್ಜೆಯಿಡಲು ಕಲಿತವರು ನಾವು:
ಕಪ್ಪಾದರೆ ಗಟ್ಟಿ,
ಬೆಳ್ಳಗೆ ಮಂಕಾದರೆ ಒಳಗೆ ಟೊಳ್ಳು.
"ಇಲ್ಲಿ ನೋಡು. ಇನ್ನೂ ತೂತು ಬಿದ್ದಿಲ್ಲ.
ಇಲ್ಲಿಂದ ಹಿಂದಕ್ಕೆ ಬರಬಹುದು."
ಅವಳು ಬಗ್ಗಿ ನೋಡಿದಳು, ತುಂಬ ಹೊತ್ತು,
ಮೀನಿನ ಕಿಂಡಿಯೊಳಗೆ ಇಣುಕುವ ಹಾಗೆ.

ಬಟ್ಟೆಯಿಂದೊರೆಸಿ ವಾರ್ನಿಶ್ ಬಳಿದೆ.
ಜೇನಿನ ಬಣ್ಣ. ಎರಡು ನಿಮಿಷದ ಕೆಲಸ.
ನಾಳೆ ಬೆಳಿಗ್ಗೆಯ ತನಕ ಉಜ್ಜಬೇಡ, ಗಟ್ಟಿ ತಿನಿಸು ಬೇಡ.
ರಾತ್ರಿಯ ಬಾಟಲಿಗೆ ನೀರು;
ಇಂದೇ ಆಗದಿದ್ದರೆ ಇವತ್ತು ಅರ್ಧ ನೀರು,
ನಾಳೆ ಇನ್ನಷ್ಟು.

ಅಷ್ಟರಲ್ಲಿ ಅವನು ನನ್ನ ಬೆರಳು ಕಚ್ಚಿದ,
ಚರ್ಮ ಮೆದು ಮಾಡುವವರ ಗಾಂಭೀರ್ಯದಲ್ಲಿ,
ಬಿಡದೆ.
"ನೋಡೇ, ಬೂಟು ಹೊಲಿಯೋಕೆ ಶುರು ಮಾಡಿದಳು ಅಜ್ಜಿ!"
ಫೆವ್ರೋನಿಯಾ ನಕ್ಕಳು. ಅವಳ ಎರಡೂ ಕೈ
ಮಗನ ಎರಡು ಮುಷ್ಟಿಯಲ್ಲಿ ಸಿಕ್ಕಿಬಿದ್ದಿದ್ದವು.
ಅಡ್ಡ ಹಿಡಿಯಲು ಅಂಗೈ ಇರಲಿಲ್ಲ.

ತಲೆಕೆಳಗಾಗಿ ಮಲಗಿದವನು ಕತ್ತೆತ್ತಿ
ಅವಳ ಬಾಯಿ ನೋಡಿದ,
ಆ ಖಾಲಿ ಜಾಗವನ್ನು, ಆ ನಗುವನ್ನು,
ಬೇರೆ ಬೇರೆ ಅಂತ ಗೊತ್ತಿಲ್ಲದೆ.
ಬೆರಳು ಬಿಟ್ಟ.

ಹೊರಗೆ ಹಿಮಬಂಡಿ ಶುರುವಾಗಲು ಮೂರು ಸಲ ಎಳೆಯಬೇಕಾಯಿತು.
ಬೆರಳಿನ ಮೇಲೆ ನಾಲ್ಕು ಗುರುತು,
ಮೇಲಿನವು, ಸಾಲಾಗಿ.
ಮುಂದಿನ ಊರು ತಲುಪುವ ತನಕ ಮಾಸಲಿಲ್ಲ.