ಐವತ್ತು ಒಗೆತ

ಬಾಯಾ ಓಂದಾದ ಬೆಳ್ಳಕ್ಕಿಗಳು
ಈ ಹಂಗಾಮಿನಲ್ಲಿ ಆಡಿದ್ದು ಐವತ್ತು ಆಟ.
ಎರ್ಮಿನಿಯಾ ಒಂದನ್ನೂ ನೋಡಲಿಲ್ಲ.
ಅವಳ ಕೋಣೆ ಗ್ಯಾಲರಿಯ ಹೊಟ್ಟೆಯೊಳಗೆ:
ಎರಡು ಯಂತ್ರ, ಒಂದು ಕಲ್ಲು, ಒಂದು ಬಲ್ಬು,
ನೆತ್ತಿಯ ಮೇಲೆ ಆರು ಸಾವಿರ ಜನರ ಕಾಲು.

ಕಾಲಿನ ಸದ್ದೇ ಅವಳಿಗೆ ಸ್ಕೋರು.
ಧಡಧಡ ಕುಣಿದರೆ ಓಟ ಬಂತು.
ಒಮ್ಮೆಗೇ ನಿಂತರೆ ಚೆಂಡು ಇನ್ನೂ ಗಾಳಿಯಲ್ಲಿದೆ.
ಏಳನೇ ಇನಿಂಗ್ಸಿಗೇ ಚಪ್ಪಲಿಗಳು
ಸರಬರ ಮೆಟ್ಟಿಲಿಳಿದವೋ,
ಇನ್ನು ಸೋಪಿನ ನೀರು ಕಾಯಿಸಬಹುದು.

ಅವರು ಬಿಚ್ಚಿ ಎಸೆದ ಮೇಲೆ ಅವಳ ಆಟ ಶುರು.
ಎಡ ತೊಡೆಗೆ ಕೆಮ್ಮಣ್ಣು ಮೆತ್ತಿದ್ದರೆ
ಒಲಿಂತೋ ಎರಡನೇ ಬೇಸು ಕದ್ದಿದ್ದಾನೆ.
ಎರಡೂ ಮೊಣಕಾಲು ಹಸಿರಾಗಿದ್ದರೆ
ಸೆಂಟರ್ ಫೀಲ್ಡಿನವನು ಬಿದ್ದದ್ದೇನೋ ಬಿದ್ದ,
ಹಿಡಿದನೋ ಇಲ್ಲವೋ ಹುಲ್ಲು ಹೇಳುವುದಿಲ್ಲ.
ಹೆಗಲಿಗೆ ಅಂಟಿದ ಕರಿ ರಾಳ ಮಾತ್ರ ಚಾಡಿಕೋರ:
ಬ್ಯಾಟು ಭುಜದಿಂದ ಇಳಿಸದೆಯೇ ಔಟಾದವನು ಇವನು.
ಜೇಬು ಕೊಡವಿದರೆ ಸೂರ್ಯಕಾಂತಿ ಬೀಜ.
ಹುರಿದದ್ದು ಮೊಳೆಯುವುದಿಲ್ಲ ಅಂತ ಗೊತ್ತು;
ಆದರೂ ಮೋರಿಯ ಪಕ್ಕದ ಮಣ್ಣಿಗೇ ಚೆಲ್ಲುತ್ತಾಳೆ.

ಅಕ್ಟೋಬರಿನಲ್ಲಿ ಎಲ್ಲರೂ ಚೆನ್ನಾಗಿ ಕೊಳೆಯಾದರು.
ನವೆಂಬರಿನಲ್ಲಿ ಬಟ್ಟೆ ಹಗುರವಾಗುತ್ತ ಬಂತು.
ಸಾಲಾಗಿ ಒಂಬತ್ತು ಸೋಲು;
ಸೋಲುವವರು ಜಾಸ್ತಿ ಜಾರುವುದಿಲ್ಲ, ಬೀಳುವುದಿಲ್ಲ,
ಅದು ಅವಳೇ ಕಂಡುಕೊಂಡ ಲೆಕ್ಕ.
ಹತ್ತೊಂಬತ್ತನೇ ಆಟ ಮುಗಿದ ರಾತ್ರಿಯೇ ಮ್ಯಾನೇಜರನ್ನು ಕಳಿಸಿಬಿಟ್ಟರು.
ಅವನ ಪ್ಯಾಂಟು ಬಕೆಟ್ಟಿನಲ್ಲಿ ನೆನೆಯುತ್ತಿತ್ತು.
ಯಾವ ವಿಳಾಸಕ್ಕೆ ಅಂತ ಯಾರೂ ಹೇಳಲಿಲ್ಲ.
ಹದಿನೈದು ದಿನದ ಸಂಬಳ ಇಪ್ಪತ್ತಮೂರಕ್ಕೆ ಬಂತು.

ಡಿಸೆಂಬರಿನಲ್ಲಿ ಯಾಕೋ ಗೆಲ್ಲತೊಡಗಿದರು.
ಉತ್ತರದ ಬೆಟ್ಟದಿಂದ ಬಸ್ಸು ಬರುವಾಗ ರಾತ್ರಿ ಎರಡೂವರೆ,
ಮೂಟೆ ಇಳಿಸುವ ಹುಡುಗನೂ ಸಿಳ್ಳೆ ಹೊಡೆಯುತ್ತಿದ್ದ.
ಮೂಟೆಯ ತೂಕಕ್ಕೆ ಅವಳ ಸೊಂಟ ನೊಂದಿತು,
ಸಂತೋಷವೂ ಆಯಿತು. ಬೈದಳು.

ಒಂದು ಅಂಗಿಯದು ಬೇರೆಯೇ ಕಥೆ. ನಲವತ್ತನಾಲ್ಕು.
ವಿಲ್ಕಿನ್ ಅಂತ, ಹತ್ತೊಂಬತ್ತು ವರ್ಷ,
ಬೆಂಚಿನ ತುದಿಯ ಹುಡುಗ.
ಹೋದ ಹಾಗೆಯೇ ಮರಳುವ ಅಂಗಿ:
ಮಡಿಕೆಯ ಗೆರೆ ಕೂಡ ಮುರಿದಿರುವುದಿಲ್ಲ.
ಒಗೆಯದೆ ಇಡಬಹುದಿತ್ತು.
ಅದನ್ನೇ ಅವಳು ಎರಡು ಸಲ ಜಾಲಿಸುತ್ತಿದ್ದಳು,
ಹುಡುಗನಿಗೆ ಗೊತ್ತಾಗಬಾರದು ಅಂತ.

ನಲವತ್ತೆಂಟನೇ ಆಟ. ಗೆದ್ದರೆ ಉಂಟು, ಸೋತರೆ ಮನೆ.
ಕೊನೆಯ ಇನಿಂಗ್ಸು, ಒಂದು ಓಟ ಹಿಂದೆ, ಇಬ್ಬರು ಔಟು.
ಕುಂಟುವ ಒಲಿಂತೋನ ಬದಲು ಓಡಲಿಕ್ಕೆ
ಹುಡುಗನನ್ನು ಎರಡನೇ ಬೇಸಿಗೆ ಕಳಿಸಿದರು.
ಇದೆಲ್ಲ ಆಮೇಲೆ ಕೇಳಿದ್ದು.
ಆಗ ಕೇಳಿದ್ದು ಇಷ್ಟೇ:
ಧಡ್ ಎಂದು ಒಮ್ಮೆಗೇ ಎದ್ದ ಆರು ಸಾವಿರ ಕಾಲು,
ಆಮೇಲೆ ಏನೂ ಇಲ್ಲ. ಬಲ್ಬು ಮಾತ್ರ ಅಲುಗುತ್ತಿತ್ತು.

ಅಂಗಿ ಬಂತು.
ಕೊರಳಿನಿಂದ ಕೆಳಗೆ ಪೂರಾ ಕೆಂಪು.
ಎಡ ತೋಳಿನಲ್ಲಿ ಸುಣ್ಣ, ಗೆರೆಯದು,
ಗೆರೆ ದಾಟದೆ ಹತ್ತುವ ಸುಣ್ಣವಲ್ಲ.
ಅಂದರೆ ಕೈ ಮುಟ್ಟಿತ್ತು.
ಬಲ್ಬಿನ ಕೆಳಗೆ ಹಿಡಿದು ಮತ್ತೆ ನೋಡಿದಳು.
ಅಂಪೈರು ಔಟೆಂದಾಗಿತ್ತು.
ಒಬ್ಬರಿಗೆ ಬೆಣ್ಣೆ, ಒಬ್ಬರಿಗೆ ಇದು.

ಹುಡುಗ ಬಾಗಿಲಲ್ಲಿ ನಿಂತಿದ್ದ.
"ಇದನ್ನ ಒಗೀಬೇಡ. ಅಮ್ಮ ಒಂದ್ಸಲ ನೋಡ್ಲಿ."
"ನಾಳೆ ಏನ್ ಹಾಕ್ಕೋತೀಯ? ಇನ್ನೂ ಎರಡು ಆಟ ಇದೆ."
ತುಸು ಹೊತ್ತು ನಿಂತ. ಹೋದ.
ಬ್ರಷ್ಷಿನಲ್ಲಿ ಉಜ್ಜಿದಳು,
ಎದೆ ಮೊದಲು, ತೋಳು ಕೊನೆಗೆ.
ಕೆಂಪು ನೀರು ಮೋರಿಗೆ ಹೋಗಲು ಬಹಳ ಹೊತ್ತು ಹಿಡಿಯಿತು.

ಮರುದಿನ ಅವನನ್ನು ಆಡಿಸಲಿಲ್ಲ.
ಅದರ ಮರುದಿನವೂ.
ಅಂಗಿ ಬಂತು, ಬೆಳ್ಳಗೆ.

ಐವತ್ತನೇ ರಾತ್ರಿ ಗುಮಾಸ್ತ ಬಂದು ಎಣಿಸಿದ.
ಅಂಗಿ ಇಪ್ಪತ್ತೆಂಟು, ಸರಿ.
ಪ್ಯಾಂಟು ಇಪ್ಪತ್ತೊಂಬತ್ತು.
ಮತ್ತೆ ಎಣಿಸಿದ. "ಇದು ಯಾರದು?"
"ನವೆಂಬರಿನದು," ಎಂದಳು ಎರ್ಮಿನಿಯಾ,
ಅವನ ಕೈಯಿಂದ ತೆಗೆದುಕೊಂಡು
ಮಡಿಕೆ ಸರಿಮಾಡುತ್ತ.