ಜೇಬಿಗೆ ತೂತು

ಕೌಲ್ ಬಜಾರಿನ ನಮ್ಮ ಅಂಗಡಿಗೆ ಯುದ್ಧ
ಥಾನುಗಟ್ಟಲೆ ಬಂತು, ಎತ್ತಿನ ಬಂಡಿಯಲ್ಲಿ.
ಎಂಟು ಮಷೀನು, ಎರಡು ಪಾಳಿ,
ಕಂದೀಲಿನ ಗಾಜಿನೊಳಗೂ ನೂಲಿನ ಜುಂಗು.

ತಾತ ಪುಂಡಲೀಕಪ್ಪ ಪೇಪರು ತರಿಸುತ್ತಿರಲಿಲ್ಲ,
ಇಂಡೆಂಟು ಓದುತ್ತಿದ್ದ.
ತೋಳು ಮೊಟಕಾದರೆ ಮರಳುಗಾಡು,
ಕಾಲರಿಗೆ ಅಸ್ತರಿ ಬಂದರೆ ಚಳಿಯ ಸೀಮೆ,
ನಡುವಿನ ಅಳತೆ ವರ್ಷಕ್ಕೊಂದು ಬೆರಳು ಇಳಿದರೆ
ದೊಡ್ಡವರು ಮುಗಿದರು, ಈಗ ಹುಡುಗರ ಸರದಿ.

ನಲವತ್ತೈದರ ಸಂಕ್ರಾಂತಿ ಕಳೆದು ಬಂದದ್ದು ಎಲೆಹಸಿರು ಪ್ಯಾಂಟು.
ತೊಡೆಯ ಮೇಲೆ ದೊಡ್ಡ ಜೇಬು,
ಜೇಬಿನ ಬುಡದಲ್ಲಿ ಎರಡು ತೂತು, ಕಾಜಾ ಹೆಣೆದು.
ಮಷೀನಿನವರೆಲ್ಲ ನಕ್ಕರು:
ಜೇಬು ಹೊಲಿಸಿ ತೂತು ಕೊರೆಸುವ ಸರ್ಕಾರ!
ತಾತ ನಗಲಿಲ್ಲ.
‘ನೀರು ಸೋರಿ ಹೋಗಾಕದು.
ಇವರು ಸಮುದ್ರದಾಗಿಂದ ಏಳೋರದಾರ.’

ಅವನು ಸಮುದ್ರ ಕಂಡವನಲ್ಲ.
ನಮ್ಮೂರಲ್ಲಿ ಎತ್ತ ತಿರುಗಿದರೂ ಕಣ್ಣು ಬಂಡೆಯನ್ನೇ ಎಡವುತ್ತದೆ.
ಆದರೆ ಬಟ್ಟೆ ಅವನಿಗೆ ಗೊತ್ತು.
ಒಂದು ಪ್ಯಾಂಟನ್ನು ಬಾನಿಯಲ್ಲಿ ಅದ್ದಿ
ಹತ್ತಿ ಮಂಡಿಯ ತಕ್ಕಡಿಗೆ ಏರಿಸಿದ:
ಒಣಗಿದ್ದು ಐವತ್ತು ತೊಲ, ನೆಂದದ್ದು ನೂರಿಪ್ಪತ್ತೆರಡು.

ಮರುದಿನ ಮೊದಲ ಗಾಡಿಗೆ ಹಗರಿ.
ರೈಲು ಸೇತುವೆಯ ಕೆಳಗೆ ನಡುಮಟ್ಟದ ಮಡು,
ಆಚೆ ಮರಳು, ಮರಳಿನಾಚೆ ಒಂಟಿ ಜಾಲಿ.
ನೀರಿಗಿಳಿದವನು ನಮ್ಮಪ್ಪ ಗ್ಯಾನೋಬ, ಇನ್ನೂ ಮೀಸೆ ಬಾರದವನು;
ಬೆನ್ನಿಗೆ ಉಸುಕಿನ ಚೀಲ,
ಬಂದೂಕಿಗೆ ಬದಲು ಅಂಗಡಿ ಬಾಗಿಲಿನ ಅಗಳಿ.
ತಾತನ ಬಳಿ ಗಡಿಯಾರವಿಲ್ಲ. ವಿಠ್ಠಲನನ್ನು ಎಣಿಸಿದ.
ಒಣಬಟ್ಟೆಯಲ್ಲಿ ಜಾಲಿ ಮುಟ್ಟಲು ಇಪ್ಪತ್ತನಾಲ್ಕು ವಿಠ್ಠಲ,
ಒದ್ದೆಯಲ್ಲಿ ನಲವತ್ತೊಂದು.
ನಡುವಿನ ಹದಿನೇಳು ಹೆಸರು ಮುಗಿಯುವತನಕ
ಜಾಲಿಯ ಹಿಂದೆ ಕೂತವನು ಏನು ಮಾಡುತ್ತಾನೆ?

ಮೂರನೇ ಸಲ ಅಪ್ಪ ಮರಳಲ್ಲಿ ಮುಗ್ಗರಿಸಿ
ತಮಾಷೆಗೆಂದು ಏಳದೆ ಬಿದ್ದುಕೊಂಡ.
‘ಬಾಯಾಗ ಉಸುಕು, ನಗು ಬರತಿತ್ತು, ತಡಕೊಂಡೆ.
ಕಣ್ಣು ತೆರೆದರ ಎದುರಿಗೆ ಅಪ್ಪನ ಕಾಲು. ಚಪ್ಪಲಿ ಇಲ್ಲ’
ಎಂದು ಎಂಬತ್ತರಲ್ಲೂ ಹೇಳುತ್ತಿದ್ದ.
ಪ್ಯಾಂಟು ಅಲ್ಲೇ ಬಿಚ್ಚಿಸಿದ ತಾತ.
ತನ್ನ ಪಂಚೆಯನ್ನು ಹಲ್ಲಿನಿಂದ ಹರಿದು ಅರ್ಧ ಕೊಟ್ಟ,
ದರ್ಜಿ ಕೈಯಿಂದ, ಅಂಚು ಮಡಚದೆ.

ಸಾಹೇಬನಿಗೆ ಕಾರ್ಡು ಬರೆಸಿದ: ತೂತು ನಾಲ್ಕಾಗಲಿ,
ಕೆಳಗಿನ ಮಡಿಕೆ ಬೇಡ, ನೀರು ಹಿಡಿಯುತ್ತದೆ.
ಉತ್ತರವಿಲ್ಲ. ತಾನೇ ನಾಲ್ಕು ಹಾಕಿದ.
ಒಂಬೈನೂರು ಪ್ಯಾಂಟಿಗೆ ಇನ್ಸ್‌ಪೆಕ್ಟರು
ನೀಲಿ ಸೀಸದಲ್ಲಿ ಕಾಟು ಹೊಡೆದ.

ಮಳೆಗಾಲದೊಳಗೆ ಯುದ್ಧ ನಿಂತಿತು.
ಯಾವ ದಂಡೆ, ಯಾವ ರಾತ್ರಿ, ಯಾರೂ ನಮಗೆ ಹೇಳಲಿಲ್ಲ.
ಅಳತೆ ಪುಸ್ತಕದಲ್ಲಿ, ತೂಕದ ಕೆಳಗೆ, ತಾತನ ಅಕ್ಷರ:
‘ಆಗೂದಿಲ್ಲ.’
ಅದರ ಕೆಳಗೆ ಬೇರೆ ಮಸಿ, ಬೇರೆ ದಿನ:
‘ಆಗತದ. ಹುಡುಗರು ಬ್ಯಾರೆಯವರು ಆದರ.’

ಕಾಟು ಬಿದ್ದ ಪ್ಯಾಂಟು ಸೇರಿನ ಲೆಕ್ಕಕ್ಕೆ ಮಾರಿಹೋಯಿತು, ಒಣತೂಕ.
ಜಟಕಾದವರು, ಹಮಾಲರು,
ನಾಟಕ ಕಂಪನಿಯಲ್ಲಿ ಪರದೆ ಎಳೆಯುವವ,
ಊರ ತುಂಬ ಎಲೆಹಸಿರು ತೊಡೆ.
ಕಾಸು ಇಟ್ಟರೆ ನಿಲ್ಲದ ಜೇಬು.
ಹಸಿರು ಕಂಡರೆ ಹಿಂದೆ ಹೋಗಬೇಕೆಂದು
ಓಣಿಯ ಮಕ್ಕಳಿಗೆಲ್ಲ ಗೊತ್ತಿತ್ತು.
ಬ್ರೂಸ್ ಪೇಟೆಯ ಚರಂಡಿ ಬದಿಯಲ್ಲಿ
ನಮ್ಮ ಸೋದರತ್ತೆಗೆ ಸಿಕ್ಕಿದ್ದು ಒಂದು ತೂತು ಕಾಸು.
ಅಂಗಡಿಯ ಹಸಿರು ದಾರ ಪೋಣಿಸಿ
ಕೊರಳಿಗೆ ಕಟ್ಟಿಕೊಂಡಳು.